ನಿಬ್ಬಿಗೊಂದು ಆಲೂಗಡ್ಡೆ ಸ್ನಾನ

ನಮ್ಮ ಮಾವನವರಿಗೆ ನನ್ನ ಮೇಲೆ ಅಪಾರ ವಿಶ್ವಾಸ. ಇವನು ಯಾವ ಕೆಲಸಕ್ಕೂ ಆಗುವವನಲ್ಲ ಎಂಬ ವಿಶ್ವಾಸ. ಅದನ್ನು ಸುಳ್ಳು ಮಾಡಲೆಂದೇ, ಅವರ ನಿವೃತ್ತಿಗೆ ಸ್ವಹಸ್ತದಿಂದ ಸನ್ಮಾನಪತ್ರ ಬರೆಯುತ್ತೇನೆಂದು ಘೋಷಿಸಿಬಿಟ್ಟೆ. ಭಾನುವಾರ ಅವರು ಊಟಕ್ಕೆ ಬಂದಾಗ ಕೊಡುವುದು. ಗಾಜಿನ ಚೌಕಟ್ಟು ಆಗಲೇ ತಂದಾಗಿತ್ತು.

"ಪ್ರಿಂಟ್ ಹಾಕಿಸ್ಬಾರ್ದೇನ್ರಿ? ನೀವು ಬರೆದಿದ್ದು ನಿಮಗೇ ಓದಕ್ಕಾಗಲ್ಲ," ಎಂದಳು ನನ್ನವಳು.

"ಅದು ಬಾಲ್‌ಪೆನ್ನಿನ ತಪ್ಪು ಕಣೇ. ಉಕ್ಕಿನ ನಿಬ್ಬು ಬರಲಿ, ನೋಡ್ತಿರು."

ಭಾನುವಾರ ಬೆಳಗ್ಗೆ ನಿಬ್ಬೇನೋ ಬಂತು. ಅದ್ದಿದರೆ ಶಾಯಿ ಮಾತ್ರ ಅದರ ಮೇಲೆ ನಿಲ್ಲಲೊಲ್ಲದು, ಹನಿಹನಿಯಾಗಿ ಜಾರುತ್ತದೆ. ಅಂಗಡಿಯವನಿಗೆ ಫೋನ್ ಹಚ್ಚಿದೆ.

"ತುಕ್ಕು ಹಿಡೀಬಾರ್ದು ಅಂತ ಹೊಸ ನಿಬ್ಬಿಗೆ ಎಣ್ಣೆ ಸವರಿರ್ತಾರೆ ಸಾರ್. ಹಸಿ ಆಲೂಗಡ್ಡೆಗೆ ಸ್ವಲ್ಪ ಹೊತ್ತು ಚುಚ್ಚಿಡಿ, ಬಿಟ್ಟುಹೋಗುತ್ತೆ," ಎಂದ.

ತುದಿ ಚುಚ್ಚಿದ್ದರೆ ಸಾಕಿತ್ತು. ನಾನು (ಯಾವುದನ್ನೂ ಅರ್ಧಕ್ಕೆ ಬಿಡುವ ಜಾಯಮಾನದವನಲ್ಲ) ಹೆಬ್ಬೆರಳಲ್ಲಿ ಒತ್ತಿ ನಿಬ್ಬನ್ನು ಪೂರಾ ಒಳಗಿಳಿಸಿ, ಆಲೂಗಡ್ಡೆಯನ್ನು ಅಡುಗೆಕಟ್ಟೆಯ ಮೇಲಿಟ್ಟು, ಪೇಪರ್ ಓದುತ್ತಾ ಹಾಗೇ ನಿದ್ದೆಹೋದೆ.

ಎಚ್ಚರವಾದಾಗ ಮಾವ ಊಟಕ್ಕೆ ಕೂತಿದ್ದರು. ಕಟ್ಟೆ ಖಾಲಿ.

"ಇಲ್ಲಿದ್ದ ಆಲೂಗಡ್ಡೆ ಎಲ್ಲೇ?"

"ಸಣ್ಣ ಗಡ್ಡೆ ಅಂತ ಎಲ್ಲಾನೂ ಇಡಿಯಾಗೇ ಬೇಯಿಸಿ ಹುರಿದೆ. ಯಾಕೆ?"

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಮಾವನೇ ಹೋಗುತ್ತಾರೆ. ಅವರು ಬಾಯಿಗಿಡಲಿದ್ದ ಗಡ್ಡೆಯನ್ನು ಕಿತ್ತು ನನ್ನ ಬಾಯಿಗೆ ಹಾಕಿಕೊಂಡೆ. ಅವರು ಇನ್ನೊಂದು ತೆಗೆದುಕೊಂಡರು, ಅದನ್ನೂ ಕಿತ್ತೆ. ಕೊನೆಗೆ ಪಾತ್ರೆಯನ್ನೇ ಎಳೆದುಕೊಂಡೆ.

ಮಾವ ಮಗಳ ಕಡೆ ತಿರುಗಿದರು. "ಏನಮ್ಮಾ, ಅಳಿಯಂದ್ರಿಗೆ ಊಟ ಹಾಕ್ತಿದೀಯೋ ಇಲ್ವೋ?"

ಅಷ್ಟರಲ್ಲಿ ನನ್ನ ಬಾಯೊಳಗೆ ಕಟಕ್ ಎಂದಿತು. ನಿಬ್ಬೂ ಮುಂದಿನ ಹಲ್ಲಿನ ಅರ್ಧ ಚೂರೂ ಒಟ್ಟಿಗೇ ಅಂಗೈಗೆ ಬಂದವು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ, ಎಲ್ಲಾ ಒಪ್ಪಿಕೊಂಡೆ. ನನ್ನವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಮಾವ ಮಾತ್ರ ನಗಲಿಲ್ಲ. ನಿಬ್ಬು ತೊಳೆದು, ಲೇಖನಿಯ ಹಿಡಿಗೆ ಸಿಕ್ಕಿಸಿ, ಶಾಯಿಗೆ ಅದ್ದಿದರು.

"ಎಣ್ಣೆ ಚೆನ್ನಾಗಿ ಬಿಟ್ಟಿದೆ ಅಳಿಯಂದ್ರೇ," ಎಂದು, ಸನ್ಮಾನಪತ್ರಕ್ಕೆ ತಂದಿಟ್ಟ ಹಾಳೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಒಂದೇ ಸಾಲು ಬರೆದರು.

ನನ್ನವಳು ಅದನ್ನು ನಾನು ತಂದ ಚೌಕಟ್ಟಿಗೇ ಹಾಕಿ, ಊಟದ ಮೇಜಿನೆದುರು ತೂಗುಹಾಕಿದ್ದಾಳೆ. ಬಂದವರೆಲ್ಲ ಮೊದಲು ಅದನ್ನು ಓದಿ, ಆಮೇಲೆ ನನ್ನ ಹಲ್ಲು ನೋಡುತ್ತಾರೆ:

"ಅಳಿಯಂದಿರು ಅಡುಗೆಮನೆ ಹೊಕ್ಕ ದಿನ ಮೆಲ್ಲಗೆ ಅಗಿಯಿರಿ."