ಹಸಿರು ಗೆರೆಯ ಪೆಟ್ಟಿಗೆ

ಆದವಾನಿಯ ಮಾರ್ಕೆಟ್ ಯಾರ್ಡಿನ ಗೇಟಿನೆದುರು ಹತ್ತಿ ಹೇರಿಕೊಂಡಿದ್ದ ಆ ಟ್ರ್ಯಾಕ್ಟರಿನ ಟೈರು ಪಂಕ್ಚರ್ ಆಗದೆ ಹೋಗಿದ್ದರೆ ಹಾಲಸ್ವಾಮಿ ಅವತ್ತು ಹೃದ್ರೋಗಿ ಆಗುತ್ತಿರಲಿಲ್ಲ.

ಟ್ರ್ಯಾಕ್ಟರು ನಿಂತಿತು. ಅದರ ಹಿಂದೆ ಲಾರಿ, ಲಾರಿಯ ಹಿಂದೆ ಆಟೋಗಳ ಸಾಲು, ಇವೆಲ್ಲದರ ನಡುವೆ ಬೆಲ್ಲದ ಪಾಕಕ್ಕೆ ಬಿದ್ದ ನೊಣದ ಹಾಗೆ ಸ್ಕೂಟರಿನ ಮೇಲೆ ಹಾಲಸ್ವಾಮಿ. ಜಿನ್ನಿಂಗ್ ಫ್ಯಾಕ್ಟರಿಯ ಆಫೀಸಿನಲ್ಲಿ ಗುಮಾಸ್ತನಾದ ಅವನು ಹತ್ತಿ ಸೀಸನ್ನಿನ ನಡುವೆ ಸಾಹುಕಾರರನ್ನು ಗೋಗರೆದು ಅರ್ಧ ದಿನದ ರಜೆ ಗಿಟ್ಟಿಸಿ ಮನೆಗೆ ಹೊರಟಿದ್ದ. ಅಷ್ಟರಲ್ಲಿ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಸಾರ್, ಮೀ ಇಂಟಿಕಿ ತಾಳಂ ಉಂದಿ," ಎಂದು ಪಾರ್ಸೆಲ್ ತಂದವನು ತೆಲುಗಿನಲ್ಲಿ ರೇಗಿದ. ಮನೆಗೆ ಬೀಗ ಹಾಕಿದೆ ಎಂಬುದು ಅವನ ತಕರಾರು.

"ಅಲ್ಲೇ ಇರಪ್ಪಾ, ಬಂದೇಬಿಟ್ಟೆ!"

"ಟೈಂ ಲೇದು ಸಾರ್. ಪಕ್ಕದ ಮನೀ ಅಮ್ಮನ ಕೈಯಾಗ ಕೊಟ್ಟೀನಿ."

"ಯಾವ ಪಕ್ಕ? ಎಡಗಡೀದೋ, ಬಲಗಡೀದೋ?"

ಫೋನು ಕಟ್ಟಾಗಿತ್ತು. ಎಡಗಡೆಯ ಮನೆಯವರು ಊರಲ್ಲಿರಲಿಲ್ಲ. ಬಲಗಡೆ ಶಂಕರಮ್ಮ. ಶಂಕರಮ್ಮನ ಕೈಗೆ ಏನನ್ನಾದರೂ ಕೊಡುವುದೂ ಆಟೋಗೆ ಮೈಕು ಕಟ್ಟಿ ಊರೆಲ್ಲ ಸಾರುವುದೂ ಒಂದೇ. ಹಾಲಸ್ವಾಮಿ ಸ್ಕೂಟರನ್ನು ಪಾನ್ ಅಂಗಡಿಯವನಿಗೆ ಒಪ್ಪಿಸಿ ಓಡತೊಡಗಿದ.

ಅವನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ, ಎಲೆಕ್ಟ್ರಾನಿಕ್ಸ್. ಬೇರೆಯವರು ಫೋನಿನಲ್ಲಿ ಸಿನಿಮಾ ನೋಡಿದರೆ ಇವನು ಸೋಲ್ಡರಿಂಗ್ ಐರನ್ನು, ಟ್ರಾನ್ಸಿಸ್ಟರು, ಯಾವುದೋ ಊರಿನ ಲ್ಯಾಬು ಮಾರಿಬಿಟ್ಟ ಹಳೇ ಮೀಟರು, ಇಂಥವನ್ನೇ ನೋಡುತ್ತಿದ್ದ. ನೋಡಿದ್ದನ್ನು ತರಿಸುತ್ತಿದ್ದ. ಅವನ ಚಿಕ್ಕ ಕೋಣೆ ತುಂಬಿ, ಸಾಮಾನು ಅಡುಗೆಮನೆಯ ಶೆಲ್ಫಿಗೂ ಹರಿದಿತ್ತು. ದೀಪಾವಳಿಯ ಹಿಂದಿನ ದಿನ ಅಲ್ಲಿಯೇ ಒಂದು ಕೆಪಾಸಿಟರು ಢಮ್ಮೆಂದು ಸಿಡಿದು, ಅದರ ಚೂರು ಹೋಳಿಗೆಯ ಹೂರಣಕ್ಕೆ ಬಿತ್ತು. ಹೆಂಡತಿ ಸುಜಾತಾ ವಿಭೂತಿ ಗಟ್ಟಿಯನ್ನು ತಂದು ಅವನ ಮುಂದಿಟ್ಟಳು.

"ಮುಟ್ಟಿ ಹೇಳ್ರಿ. ಇನ್ನೊಂದು ಡಬ್ಬಿ ಈ ಹೊಸ್ತಿಲಾ ದಾಟಿ ಒಳಗ ಬಂದ್ರ, ನಾ ದಾಟಿ ಹೊರಗ ಹೋಗ್ತೀನಿ. ಗೋನೆಗಂಡ್ಲ ಬಸ್ಸು ಎಲ್ಲಿ ನಿಂದರತೈತಿ ನಂಗ ಗೊತ್ತೈತಿ."

ಗೋನೆಗಂಡ್ಲ ಅವಳ ತವರು. ಹಾಲಸ್ವಾಮಿ ವಿಭೂತಿ ಮುಟ್ಟಿ ಆಣೆ ಮಾಡಿದ.

ಆಣೆ ಮಾಡುವಾಗ ಒಂದು ಹಳೇ ಆಸಿಲೋಸ್ಕೋಪ್ ಅಗ್ಗಕ್ಕೆ ಸಿಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮೀಟರು ಕರೆಂಟು ಎಷ್ಟಿದೆಯೆಂದು ಹೇಳುತ್ತದೆ, ಅಷ್ಟೆ. ಆಸಿಲೋಸ್ಕೋಪ್ ಕರೆಂಟಿನ ಮುಖವನ್ನೇ ತೋರಿಸುತ್ತದೆ. ಗಾಜಿನ ಪರದೆಯ ಮೇಲೆ ಒಂದು ಹಸಿರು ಗೆರೆ, ಏರುತ್ತ ಇಳಿಯುತ್ತ ಓಡುವುದು. ಐಟಿಐನಲ್ಲಿ ಓದುವಾಗ ಇದ್ದ ಒಂದೇ ಒಂದು ಆಸಿಲೋಸ್ಕೋಪಿಗೆ ಮೇಷ್ಟ್ರು ಬಟ್ಟೆ ಹೊದಿಸಿ, ದೇವರ ಹಾಗೆ ದೂರದಿಂದಲೇ ದರ್ಶನ ಮಾಡಿಸಿದ್ದರು. ಆ ಹಸಿರು ಗೆರೆಯನ್ನು ಒಮ್ಮೆ ತನ್ನ ಮನೆಯಲ್ಲಿ, ತನ್ನ ಕೈಯಾರೆ ಓಡಿಸಬೇಕೆಂದು ಹಾಲಸ್ವಾಮಿ ಅಂದಿನಿಂದ ಹಠ ಹಿಡಿದಿದ್ದ. ಸುಜಾತಾ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ತವರಿಗೆ ಹೋಗಿದ್ದಳು. ಬರುವುದು ನಾಳೆ. ಆಸಿಲೋಸ್ಕೋಪಿನ ಪಾರ್ಸೆಲನ್ನು ಇವತ್ತು ಬಿಚ್ಚಿ ನೋಡಿ, ಇವತ್ತೇ ಅಟ್ಟಕ್ಕೇರಿಸಿಬಿಟ್ಟರೆ ಆಯಿತು.

ಶಂಕರಮ್ಮ ಪಾರ್ಸೆಲನ್ನು ಬಿಚ್ಚಿರಲಿಲ್ಲ. ಬಿಚ್ಚುವ ಅಗತ್ಯವೇ ಬೀಳಲಿಲ್ಲ. ಮಾರಿದ ಪುಣ್ಯಾತ್ಮ ಅದನ್ನು ಔಷಧಿ ಅಂಗಡಿಯ ಹಳೇ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿದ್ದ. ಪೆಟ್ಟಿಗೆಯ ಮೇಲೆ ದೊಡ್ಡದೊಂದು ಕೆಂಪು ಹೃದಯದ ಚಿತ್ರ. ಹರಿದ ಮೂಲೆಯಿಂದ ಒಂದು ವೈರು, ವೈರಿನ ತುದಿಗೆ ಕಚ್ಚಲು ಬಾಯಿ ತೆರೆದಂಥ ಕ್ಲಿಪ್ಪು. ಹೋದ ವರ್ಷ ಕರ್ನೂಲಿಗೆ ಹೋಗಿ ಎದೆ ತೋರಿಸಿಕೊಂಡು ಬಂದಾಗಿನಿಂದ ಹೃದಯದ ವಿಷಯದಲ್ಲಿ ಆ ಓಣಿಗೆ ಶಂಕರಮ್ಮನದೇ ಕೊನೆಯ ಮಾತು.

"ಇಂಥಾವೇ ವೈರು ನಂಗೂ ಎದಿಗೆ ಹಚ್ಚಿದ್ರು," ಎಂದು ಆಕೆ ಕಟ್ಟೆಯ ಮೇಲೆ ಸೇರಿದವರಿಗೆ ಪೆಟ್ಟಿಗೆ ತೋರಿಸುತ್ತಿದ್ದಳು. "ಪಾಪ, ಹೆಂಡ್ತಿಗೂ ಹೇಳಿಲ್ಲ. ಆಕಿ ಊರಿಗೆ ಹೋಗೋದೇ ಕಾಯ್ದು ತರಿಸ್ಯಾನ. ಒಬ್ಬನ ಎಷ್ಟು ನುಂಗಿಕೊಂಡಾನೋ!"

ಸರಿಯಾಗಿ ಆಗಲೇ ಹಾಲಸ್ವಾಮಿ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡ. ಮೈಯೆಲ್ಲ ಬೆವರು, ಬಾಯಿ ತೆರೆದು ಏದುಸಿರು. ಓಡುವಾಗ ಜೇಬಿನ ಫೋನು ಬೀಳದಿರಲೆಂದು ಬಲಗೈಯಿಂದ ಎದೆಯನ್ನು ಒತ್ತಿ ಹಿಡಿದಿದ್ದ.

"ದೇವುಡಾ! ಎದಿ ಹಿಡ್ಕೊಂಡಾನ! ಹಿಡೀರಿ ಅವನ್ನ!" ಎಂದು ಶಂಕರಮ್ಮ ಕಿರುಚಿದಳು.

ನಾಲ್ಕಾರು ಕೈಗಳು ಹಾಲಸ್ವಾಮಿಯನ್ನು ಮೂಟೆಯಂತೆ ಎತ್ತಿ, ಅವನ ಜೇಬಿನ ಕೀಲಿಯಿಂದಲೇ ಬೀಗ ತೆಗೆದು, ಅವನ ಮನೆಯೊಳಗೇ ತಂದು ಮಲಗಿಸಿದವು. ಒಬ್ಬರು ಗಾಳಿ ಬೀಸಿದರು. ಇನ್ನೊಬ್ಬರು ಅಂಗಾಲು ತಿಕ್ಕಿದರು.

"ಶಂಕರಮ್ಮತ್ತಿ, ನಂಗೇನೂ ಆಗಿಲ್ಲ. ಅದು ಹಾರ್ಟಿನ ಮಿಷನ್ ಅಲ್ಲ. ಕರೆಂಟ್ ನೋಡೋದು."

"ಮಾತಾಡಬ್ಯಾಡಪ್ಪ. ಮಾತಾಡಿದ್ರ ಎದಿಗೆ ಭಾರ ಬೀಳತೈತಿ," ಎಂದು ಶಂಕರಮ್ಮ ಅವನ ಬಾಯಿ ಮುಚ್ಚಿದಳು. ಗಂಟಲಿಗೆ ಒಂದು ಬೆಳ್ಳುಳ್ಳಿ ಎಸಳೂ ಇಳಿಯಿತು.

ಹಾಲಸ್ವಾಮಿ ಹಠ ಬಿಡುವ ಆಸಾಮಿಯಲ್ಲ. ಮಾತು ಕೇಳದಿದ್ದರೆ ಬೇಡ, ಕಣ್ಣಾರೆ ನೋಡಲಿ ಎಂದು ಎದ್ದುಕುಳಿತು ಪೆಟ್ಟಿಗೆ ಹರಿದ. ಒಳಗಿನ ಯಂತ್ರವನ್ನು ಮೇಜಿನ ಮೇಲಿಟ್ಟು ಪ್ಲಗ್ಗು ಹಾಕಿ ಸ್ವಿಚ್ಚೊತ್ತಿದ. ಪರದೆ ನಿಧಾನವಾಗಿ ಬೆಳಗಿ ಈ ತುದಿಯಿಂದ ಆ ತುದಿಗೆ ಒಂದು ಹಸಿರು ಗೆರೆ ನೆಟ್ಟಗೆ ಎಳೆಯಿತು. ಎಷ್ಟು ವರ್ಷದ ಆಸೆ! ಅವನ ಕಣ್ಣಲ್ಲಿ ನೀರು ತುಂಬಿತು.

ಶಂಕರಮ್ಮನ ಕಣ್ಣಲ್ಲೂ ತುಂಬಿತು. "ಗೆರಿ ನೆಟ್ಟಗೈತಿ! ಟೀವ್ಯಾಗ ಹಿಂಗ ನೆಟ್ಟಗಾತಂದ್ರ ಮನಿಶಾ ಹೋದಂಗ! ಏ ಹಾಲಸ್ವಾಮಿ, ಹೋಗಬ್ಯಾಡೋ!"

"ನಾ ಎಲ್ಲಿ ಹೋಗ್ಲಿ? ಇಲ್ಲೇ ಕುಂತೀನಲ್ಲ! ವೈರು ಯಾವುದಕ್ಕೂ ಹಚ್ಚಿಲ್ಲ, ಅದಕ್ಕ ನೆಟ್ಟಗೈತಿ. ಈಗ ನೋಡ್ರಿ." ಹಾಲಸ್ವಾಮಿ ವೈರಿನ ತುದಿಯನ್ನು ಬೆರಳಿಂದ ಮುಟ್ಟಿದ. ಮನೆಯ ಗೋಡೆಗಳೊಳಗೆ ಹರಿಯುವ ಕರೆಂಟಿನ ಸಣ್ಣ ಕಂಪನ ಯಾರ ಮೈಯಲ್ಲಾದರೂ ಒಂದಿಷ್ಟು ಸಿಕ್ಕಿಯೇ ಇರುತ್ತದೆ. ಅದನ್ನು ಹಿಡಿದು ಗೆರೆ ಅಲೆಯಲೆಯಾಗಿ ಕುಣಿಯಿತು.

"ಜೀವ ಬಂತು!" ಎಂದು ಕೋಣೆಗೆ ಕೋಣೆಯೇ ನಿಟ್ಟುಸಿರು ಬಿಟ್ಟಿತು.

ಅಲ್ಲಿಗೆ ಅವನ ವಾದ ಮುಗಿಯಿತು. ಹಿಂದೆ ಹತ್ತಿ ಪ್ರೆಸ್ಸಿನಲ್ಲಿ ಹಮಾಲಿ ಮಾಡಿ ಈಗ ಮನೆಯಲ್ಲಿ ಕುಳಿತಿದ್ದ ಮುದುಕ ಬಜಾರಪ್ಪ ಮುಂದೆ ಬಂದು ಬೆರಳು ಚಾಚಿದ. "ಸ್ವಾಮೇರ, ಹೆಂಗೂ ಹಚ್ಚೀರಿ, ನಂದೂ ಒಂದೀಟು ನೋಡಿಬಿಡ್ರಿ."

ಬರಿಗಾಲಿನ ಬಜಾರಪ್ಪ ಗೋಡೆಗೊರಗಿ ಮುಟ್ಟಿದ್ದಕ್ಕೋ ಏನೋ, ಅಲೆ ಪರದೆ ಮೀರಿ ಏರಿತು. ಅವನು ಮೀಸೆ ತಿರುವಿದ. ಆಮೇಲೆ ಸಾಲು ಹತ್ತಿತು. ಶಂಕರಮ್ಮ ಸಾಲನ್ನು ಪಕ್ಕಕ್ಕೆ ತಳ್ಳಿ ರಬ್ಬರಿನ ಚಪ್ಪಲಿಯಲ್ಲಿ ನಿಂತು ಮುಟ್ಟಿದಳು. ಅಲೆ ಕುಗ್ಗಿತು.

"ನಂದ್ಯಾಕ ಗಿಡ್ಡ ಬಂತು? ಕರ್ನೂಲಾಗ ಇಷ್ಟೆತ್ತರ ಬಂದಿತ್ತು!" ಆಕೆಯ ಮುಖ ಬಿಳಿಚಿತು. ಹಾಲಸ್ವಾಮಿ ಗಾಬರಿಯಾಗಿ ಯಂತ್ರದ ಗುಂಡಿಯೊಂದನ್ನು ತಿರುಗಿಸಿದ. ಅಲೆ ತೆಂಗಿನ ಮರದಂತೆ ಎದ್ದು ನಿಂತಿತು.

"ನೋಡಿದ್ರಾ," ಎಂದ ಬಜಾರಪ್ಪ ಭಕ್ತಿಯಿಂದ. "ರಿಪೇರಿನೂ ಮಾಡ್ತಾರ ಸ್ವಾಮೇರು."

ಇಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು. ಬಾಗಿಲಲ್ಲಿ ಸುಜಾತಾ! ಕಾರ್ಯಕ್ಕೆ ಉಟ್ಟ ರೇಷ್ಮೆ ಸೀರೆಯಲ್ಲೇ, ಕೆನ್ನೆಯ ಅರಿಶಿನವನ್ನೂ ಒರೆಸಿಕೊಳ್ಳದೆ ಬಂದಿದ್ದಳು. ಅವಳ ಹಿಂದೆ ಬೈಕಿನ ಧೂಳೆಲ್ಲ ಮುಖಕ್ಕೆ ಬಳಿದುಕೊಂಡ ತಮ್ಮ ವಾಗೀಶ. ಟ್ರ್ಯಾಕ್ಟರಿನ ಹಿಂದೆ ಹಾಲಸ್ವಾಮಿ ಇನ್ನೂ ಸಿಕ್ಕಿಕೊಂಡಿದ್ದಾಗಲೇ ಶಂಕರಮ್ಮನ ಫೋನು ಗೋನೆಗಂಡ್ಲ ಮುಟ್ಟಿಯಾಗಿತ್ತು.

"ನಂಗ್ಯಾಕ ಹೇಳ್ಲಿಲ್ಲರೀ?" ಸುಜಾತಾ ಅವನ ಕೈ ಹಿಡಿದು ಗಳಗಳ ಅತ್ತಳು. ಅತ್ತು, ಮೂಗೊರೆಸಿಕೊಂಡು ಮೇಜಿನ ಕಡೆ ತಿರುಗಿದಳು. "ಇದೇನ್ರಿ?"

ನಿಜ ಹೇಳಿದರೆ ಮುರಿದ ಆಣೆ, ಆಸಿಲೋಸ್ಕೋಪು ಬೀದಿಗೆ, ಹೆಂಡತಿ ಬಸ್ಸಿಗೆ. ಹಾಲಸ್ವಾಮಿ ಒಮ್ಮೆ ಆ ಹಸಿರು ಗೆರೆಯನ್ನು ನೋಡಿದ. ಸಾಯುವವರೆಗೂ ಇದನ್ನು ಬಿಡುವುದಿಲ್ಲವೆಂದು ಗಟ್ಟಿ ಮನಸ್ಸು ಮಾಡಿದ.

"ಹಾರ್ಟಿಂದು," ಎಂದ ತಲೆ ತಗ್ಗಿಸಿ.

ಸುಜಾತಾ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಒಯ್ದಳು. ಅಲ್ಲಿ ನಿಜವಾದ ವೈರುಗಳನ್ನು ನಿಜವಾದ ಎದೆಗೆ ಅಂಟಿಸಿ ನೋಡಿದ ಡಾಕ್ಟರಿಗೆ ಏನೂ ಸಿಗಲಿಲ್ಲ. ಆದರೆ ಇಷ್ಟು ಅತ್ತು ಬಂದವರಿಗೆ ಏನೂ ಇಲ್ಲ ಎಂದು ಹೇಳಿ ಕಳಿಸಲು ಅವರಿಗೂ ಮನಸ್ಸಾಗಲಿಲ್ಲ.

"ಹಾರ್ಟ್ ಚೆನ್ನಾಗೈತಿ ತಾಯಿ. ಸ್ವಲ್ಪ ಟೆನ್ಷನ್ ಇರಬೇಕು. ಟೆನ್ಷನ್ ಮಾಡೋವಂಥ ಸಾಮಾನು ಕಣ್ಮುಂದ ಇಡಬ್ಯಾಡ್ರಿ, ಅಷ್ಟ. ಎರಡು ತಾಸು ಇಲ್ಲೇ ಮಲಗಿರಲಿ."

"ಅಂಥಾದು ಒಂದು ಕೋಣಿ ತುಂಬ ಐತ್ರಿ," ಎಂದು ಸುಜಾತಾ ಫೋನು ಹಿಡಿದು ಹೊರಗೆ ಹೋದಳು. ಮಂಚದ ಮೇಲೆ ಹಾಯಾಗಿ ಮಲಗಿದ್ದ ಹಾಲಸ್ವಾಮಿಗೆ ಅದು ಕೇಳಲಿಲ್ಲ. ಅವನು ಗೆದ್ದಿದ್ದ. ಆಸಿಲೋಸ್ಕೋಪು ಮನೆಯಲ್ಲಿದೆ, ಅದೂ ಹೆಂಡತಿಯ ಒಪ್ಪಿಗೆಯಿಂದ! ಇನ್ನು ಆ ಹಳೇ ಆಂಪ್ಲಿಫೈಯರಿನಲ್ಲಿ ಗೊರಗೊರ ಎಲ್ಲಿಂದ ಬರುತ್ತದೆಂದು ಹಿಡಿಯಬಹುದು. ರೇಡಿಯೋ ಬೋರ್ಡನ್ನೂ ಇವತ್ತೇ ನೋಡಬೇಕು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ತನ್ನ ಕೋಣೆಯ ಬಾಗಿಲು ತೆರೆದವನು ತಪ್ಪಿ ಬೇರೆಯವರ ಮನೆಗೆ ಹೊಕ್ಕೆನೇನೋ ಅಂದುಕೊಂಡ. ನೆಲ ಸಾರಿಸಿತ್ತು. ಶೆಲ್ಫು ಬೋಳಾಗಿತ್ತು. ಮೀಟರುಗಳಿಲ್ಲ, ಸೋಲ್ಡರಿಂಗ್ ಐರನ್ನಿಲ್ಲ, ಆಂಪ್ಲಿಫೈಯರಿಲ್ಲ, ರೇಡಿಯೋ ಬೋರ್ಡಿಲ್ಲ. ಒಂದು ಮಂಚ, ಮಂಚದ ತಲೆದೆಸೆಗೆ ಆಸಿಲೋಸ್ಕೋಪು. ಅದರ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ.

"ನನ್ನ ಸಾಮಾನು?"

"ಟೆನ್ಷನ್ ಸಾಮಾನೆಲ್ಲ ತೆಗೆದು ಹಾಕು ಅಂತ ವಾಗೀಶಗ ಹೇಳಿದ್ದೆ. ಪಾಪ, ಒಬ್ಬನ ಚೀಲ ತುಂಬ್ಯಾನ," ಎಂದಳು ಸುಜಾತಾ ಅಕ್ಕರೆಯಿಂದ. "ಜೀವಕ್ಕಿಂತ ಅವು ದೊಡ್ಡವೇನ್ರಿ? ಮಲಗ್ರಿ. ಕಷಾಯ ತರ್ತೀನಿ."

ಹಾಲಸ್ವಾಮಿ ಬಾಯಿ ತೆರೆದ. ರೋಗಿಯಾದವನು ಏನೆಂದು ಜಗಳವಾಡಬೇಕು? ಬಾಯಿ ಮುಚ್ಚಿ ಮಲಗಿದ. ಆಗ ನಿಜವಾಗಿಯೂ ಎದೆಯಲ್ಲಿ ಚುಳುಕ್ಕೆಂದಿತು. ಕರೆಂಟಿನ ಮುಖ ನೋಡುವ ಯಂತ್ರವಿದೆ. ಅದರ ಮುಂದೆ ಹಿಡಿಯಲು ಒಂದೇ ಒಂದು ಸಾಮಾನಿಲ್ಲ.

ಅಳುತ್ತ ಕೂರುವವನು ಅವನಲ್ಲ. ಹೋದದ್ದು ಹೋಯಿತು, ಒಂದೊಂದಾಗಿ ಮತ್ತೆ ಕೂಡಿಸಿದರಾಯಿತೆಂದು ಹೊದಿಕೆಯನ್ನು ತಲೆತುಂಬ ಎಳೆದುಕೊಂಡು ಫೋನು ತೆರೆದ. ಹಳೇ ಸಾಮಾನು ಮಾರುವ ಆ್ಯಪಿನಲ್ಲಿ 'ಆದವಾನಿ ಹತ್ತಿರ' ಎಂದು ಒತ್ತಿದ. ಮೊದಲನೇ ಫೋಟೋ ನೋಡುತ್ತಲೇ ಎದ್ದು ಕುಳಿತುಬಿಟ್ಟ. ಪವರ್ ಸಪ್ಲೈ ಒಂದು, ಅದರ ಮುರಿದ ಗುಂಡಿಯ ಜಾಗದಲ್ಲಿ ಟೂತ್‌ಪೇಸ್ಟಿನ ಮುಚ್ಚಳ. ಆ ಮುಚ್ಚಳವನ್ನು ಅವನೇ ಕೈಯಾರೆ ಅಂಟಿಸಿದ್ದ! ಅದರ ಕೆಳಗೆ ಅವನ ಮೀಟರು. ಅದರ ಕೆಳಗೆ ಅವನ ಆಂಪ್ಲಿಫೈಯರು. 'ಹಳೇ ಕರೆಂಟ್ ಸಾಮಾನು. ಮೊದಲು ಬಂದವರಿಗೆ.'

ಮೊದಲು ಬಂದವರಿಗೆ! ಜಗತ್ತಿನಲ್ಲಿ ಎಷ್ಟು ಜನ ಇಂಥವಕ್ಕೇ ಹೊಂಚು ಹಾಕಿರುತ್ತಾರೆಂದು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು? ತಕ್ಷಣವೇ ಬರೆದ: 'ಅಣ್ಣಾ, ಎಲ್ಲಾನೂ ನಾನೇ ತಗೋತೀನಿ. ಬೇರೆ ಯಾರಿಗೂ ಕೊಡಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.' ಕಳಿಸಿದ.

ನಡುಮನೆಯಲ್ಲಿ ಟಿಂಗ್ ಎಂದಿತು.

"ಅಕ್ಕಾ!" ವಾಗೀಶನ ಉತ್ಸಾಹದ ದನಿ ಗೋಡೆ ದಾಟಿ ಬಂತು. "ಬಾವನ ಗುಜರಿಗೆ ಗಿರಾಕಿ ಬಂದ! ಫೋಟೋ ಹಾಕಿ ಇನ್ನೂ ಚಹಾ ಕುಡಿದಿಲ್ಲ ನಾನು! ಎಲ್ಲಾನೂ ಬೇಕಂತ, ಕಾಲಿಗೆ ಬೀಳ್ತೀನಿ ಅಂತ ಬರದಾನ. ಎಂಥಾ ಹುಚ್ಚ ನೋಡು!"

"ಯಾವ ಊರಾಂವಂತ?"

"ನಮ್ಮ ಆದವಾನಿಯವನ ಅಂತ. ಹೆಸರು ಹಾಲ... ಹಾಲಸ್ವಾಮಿ..."

ಹಾಲಸ್ವಾಮಿ ಮತ್ತೆ ಹೊದಿಕೆಯೊಳಗೆ ನುಸುಳಿದ. ಹೆಜ್ಜೆಗಳು ಕೋಣೆಯ ಬಾಗಿಲವರೆಗೆ ಬಂದು ನಿಂತವು.

"ಏನ್ರಿ," ಎಂದಳು ಸುಜಾತಾ ಬಹಳ ಮೃದುವಾಗಿ. "ಗಿರಾಕಿಗೆ ಮನಿಗೆ ಬಂದು ಒಯ್ಯಿ ಅಂತ ಬರೀಲ್ಯಾ, ಇಲ್ಲ ನೀವ ಎದ್ದು ಹೊರಗ ಬರ್ತೀರಾ?"