ಢಕ್ಕಾವತಿಯ ತಪ್ಪಿನ ಪುಸ್ತಕ

ಬಹು ಕಾಲದ ಕೆಳಗೆ ಢಕ್ಕಾವತಿ ಎಂಬ ರಾಜ್ಯವೊಂದಿತ್ತು. ಎಷ್ಟು ಕಾಲದ ಕೆಳಗೆ ಎಂದು ಕೇಳುವ ವಾಚಕ ಮಹಾಶಯರಿಗೆ, ನಿಮ್ಮ ಮನೆಯ ಟಿವಿ ಬಾಯಿ ಬಿಡುವುದಕ್ಕೂ ಸಾಕಷ್ಟು ಮೊದಲು ಎಂದರೆ ಸಾಕು. ಅದನ್ನು ಶ್ರೀಮನ್ಮಹಾರಾಜ ಶ್ರವಣಾದಿತ್ಯರು ಆಳುತ್ತಿದ್ದರು. ಮಹಾರಾಜರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಅದನ್ನು ಬಳಸುವ ಅಭ್ಯಾಸವಿರಲಿಲ್ಲ. ಅರಮನೆಯ ಮುಂದಿನ ಚೌಕದಲ್ಲಿ ಡಂಗುರವಾದದ್ದು ರಾಜ್ಯದಲ್ಲಿ ನಡೆದದ್ದು. ಡಂಗುರವಾಗದ್ದು ನಡೆದೇ ಇಲ್ಲ. ಆಡಳಿತ ಇಷ್ಟು ಸಲೀಸಾಗಿದ್ದರಿಂದ ಮಹಾರಾಜರಿಗೆ ಮಧ್ಯಾಹ್ನದ ನಿದ್ದೆಗೆ ಎಂದೂ ಕೊರತೆಯಾಗಲಿಲ್ಲ.

ಆ ರಾಜ್ಯದಲ್ಲಿ ಹನ್ನೆರಡು ಗಗನರಥಗಳಿದ್ದವು. ರಾಜಧಾನಿಯಲ್ಲಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ರಥ ಹತ್ತಿದವರು ಅದನ್ನು ಉಗುಳುವ ಹೊತ್ತಿಗೆ ಘಟ್ಟದ ಕೆಳಗಿನ ಪಟ್ಟಣದಲ್ಲಿ ಇಳಿಯುತ್ತಿದ್ದರು. ಅದೇ ದಾರಿಯನ್ನು ಎತ್ತಿನ ಗಾಡಿಯಲ್ಲಿ ಹೋದರೆ ಇಪ್ಪತ್ತೆಂಟು ತಿರುವು, ಎರಡು ದಿನ. ಮೂವತ್ತೊಂದು ವರ್ಷಗಳಲ್ಲಿ ಗಗನರಥ ಹತ್ತಿದ ಒಬ್ಬನಿಗೂ ಮೈ ತರಚಿರಲಿಲ್ಲ. ಘಟ್ಟದ ಗಾಡಿಗಳಲ್ಲಿ ತಿಂಗಳಿಗೆ ಮೂವತ್ತು ನಲವತ್ತು ಜನ ಸಾಯುತ್ತಿದ್ದರು. ಅದಕ್ಕೆ ಡಂಗುರವಿಲ್ಲವಾದ್ದರಿಂದ ಅವರು ಅಧಿಕೃತವಾಗಿ ಸತ್ತಿರಲಿಲ್ಲ.

ರಥಗಳ ಮೇಸ್ತ್ರಿ ಮೋನಪ್ಪಾಚಾರಿ. ಕಿವಿಯ ಸಂದಿಯಲ್ಲಿ ಸದಾ ಒಂದು ಸೀಸದಕಡ್ಡಿ, ಕೈಯಲ್ಲಿ ಸುತ್ತಿಗೆ. ಮಹಾರಾಜರ ಅಜ್ಜನ ಕಾಲದಿಂದ ರಥದ ಬಯಲಿನಲ್ಲಿ ಒಂದು ಪುಸ್ತಕ ಇರುತ್ತಿತ್ತು. ಅದರ ಹೆಸರೇ ತಪ್ಪಿನ ಪುಸ್ತಕ. ಯಾರಿಂದ ಏನು ತಪ್ಪಾದರೂ, ಯಾವ ರಥದಲ್ಲಿ ಯಾವ ಐಬು ಕಂಡರೂ, ಅದರಲ್ಲಿ ಬರೆಯಬೇಕು. ಬರೆದವನಿಗೆ ಶಿಕ್ಷೆಯಿಲ್ಲ, ಮುಚ್ಚಿಟ್ಟವನಿಗೆ ಕ್ಷಮೆಯಿಲ್ಲ ಎಂದು ಅಜ್ಜನವರು ಮೊದಲ ಪುಟದಲ್ಲೇ ಸಹಿ ಹಾಕಿದ್ದರು. ‘ಮೂರನೇ ರಥದ ಎಡಗಾಲಿಯ ಕಡಾಣಿ ಸಡಿಲ. ಬಿಗಿ ಮಾಡಿದೆ. ಉಳಿದ ಹನ್ನೊಂದು ರಥಗಳನ್ನೂ ನೋಡಿದೆ’ ಎಂದು ಮೋನಪ್ಪಾಚಾರಿ ಬರೆಯುವರು. ‘ಮೋಡದೊಳಗೆ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದೆ. ಹೆಂಡತಿಯೊಡನೆ ಜಗಳವಾಡಿ ಬಂದಿದ್ದೆ. ಇನ್ನು ಜಗಳವಾದ ದಿನ ರಥ ಹತ್ತುವುದಿಲ್ಲ’ ಎಂದು ಸಾರಥಿ ಬರೆಯುವನು. ಒಬ್ಬನ ತಪ್ಪನ್ನು ಓದಿ ಹನ್ನೊಂದು ಜನ ತಿದ್ದಿಕೊಳ್ಳುತ್ತಿದ್ದರು. ಮೂವತ್ತೊಂದು ವರ್ಷದ ಗುಟ್ಟು ಇದಿಷ್ಟೇ. ಮಂತ್ರ ಇಲ್ಲ, ಮಾಯ ಇಲ್ಲ.

ಈ ಪುಸ್ತಕದ ಹೊರಗೆ ಮೋನಪ್ಪಾಚಾರಿಗಿದ್ದ ಚಿಂತೆ ಒಂದೇ, ಮಗಳು ಕಮಲಾಕ್ಷಿ. ಘಟ್ಟದ ಕೆಳಗೆ ಕೊಟ್ಟಿದ್ದರು. ಈಗ ಚೊಚ್ಚಲ ಬಸುರಿ, ಏಳು ತುಂಬಿತ್ತು. ಬಾಣಂತನಕ್ಕೆ ತವರಿಗೆ ಕರೆತರಲು ನಾಲ್ಕನೇ ರಥದಲ್ಲಿ ಜಾಗ ಹೇಳಿಟ್ಟಿದ್ದರು. ಆ ರಥದ ಒಂದೊಂದು ಕೀಲನ್ನೂ ಮೂರು ಮೂರು ಸಲ ತಟ್ಟಿ ನೋಡಿದ್ದರು.

ಅದೇ ವಾರ ಚೌಕದಲ್ಲಿ ಸುದ್ದಿಯ ಬರಗಾಲ. ಚೌಕದಲ್ಲಿ ಏಳು ಡಂಗುರ ಮೇಳಗಳಿದ್ದು, ಪ್ರತಿ ಗುರುವಾರ ಕಿವಿಗಣತಿ ನಡೆಯುತ್ತಿತ್ತು. ಯಾರ ಮುಂದೆ ಹೆಚ್ಚು ಕಿವಿ ಸೇರುತ್ತವೋ ಆ ಮೇಳ ನಂಬರ್ ಒನ್. ನಂಬರ್ ಒನ್ ಮೇಳದ ಯಜಮಾನ ಭೇರಿ ಚೆನ್ನಿಗರಾಯ. ಪಟ್ಟದರಾಣಿಯ ನವಿಲಿನ ಮದುವೆಯನ್ನು ಹದಿನೈದು ದಿನ ನೇರಪ್ರಸಾರ ಮಾಡಿ, ನವಿಲೂ ಬೇಸತ್ತು, ಅವನ ಬಳಿ ಬಾರಿಸಲು ಏನೂ ಉಳಿದಿರಲಿಲ್ಲ. ತಲೆ ಕೆರೆದುಕೊಂಡು ರಥದ ಬಯಲಿಗೆ ಬಂದವನ ಕಣ್ಣಿಗೆ ಪುಸ್ತಕ ಬಿತ್ತು.

“ಇದೇನ್ ಆಚಾರ್ರೇ, ಯಾರು ಬೇಕಾದ್ರೂ ಓದ್ಬೋದಾ?”

“ಓದ್ಲಿ ಅಂತ್ಲೇ ಇಟ್ಟಿರೋದು ಕಣಪ್ಪ,” ಎಂದರು ಮೋನಪ್ಪಾಚಾರಿ. ಮೂವತ್ತೊಂದು ವರ್ಷಗಳಲ್ಲಿ ಹೊರಗಿನವನೊಬ್ಬ ಕೇಳಿದ್ದು ಇದೇ ಮೊದಲು. ಪಾಪ, ಖುಷಿಯಾಗಿ ಕೂರಲು ಮಣೆಯನ್ನೂ ಕೊಟ್ಟರು.

ಮರುದಿನ ಬೆಳಿಗ್ಗೆ ಚೌಕ ನಡುಗಿತು. “ಬ್ರೇಕಿಂಗ್! ಬ್ರೇಕಿಂಗ್! ಒಂದೇ ತಿಂಗಳಲ್ಲಿ ನಲವತ್ತಮೂರು ದೋಷ! ಮೇಸ್ತ್ರಿಯ ಕೈಬರಹದಲ್ಲೇ ತಪ್ಪೊಪ್ಪಿಗೆ! ಹೆಂಡತಿ ಮೇಲಿನ ಸಿಟ್ಟಿಗೆ ದಿಕ್ಕು ತಪ್ಪಿದ ಸಾರಥಿ! ನೀವು ಕೂತಿರೋದು ರಥಾನಾ, ಚಟ್ಟಾನಾ?” ‘ಬಿಗಿ ಮಾಡಿದೆ’ ಎಂಬ ಮಾತಿನ ಹೊತ್ತಿಗೆ ಸರಿಯಾಗಿ ತಮಟೆ ಜೋರಾಗುತ್ತಿತ್ತು. ಮಧ್ಯಾಹ್ನ ಮಹಾಚರ್ಚೆ. ಗಗನಯಾನ ತಜ್ಞರೆಂದು ಬಂದವರು ಆನೆ ಲಾಯದ ನಿವೃತ್ತ ಮಾವುತರು, ಒಬ್ಬರು ಹಸ್ತಸಾಮುದ್ರಿಕರು, ಹಾಗೂ ಒಮ್ಮೆ ಮರದಿಂದ ಬಿದ್ದ ಅನುಭವವಿದ್ದ ಒಬ್ಬ ಮಹನೀಯರು. ಮಣ್ಣಿನ ರಥದ ಬೊಂಬೆಯನ್ನು ಗೋಪುರದಿಂದ ಕೆಳಗೆ ಹಾಕಿ ಪುಡಿಮಾಡಿ, ‘ಇದು ಕೇವಲ ಕಾಲ್ಪನಿಕ ದೃಶ್ಯ’ ಎಂದು ಪಿಸುಗುಟ್ಟಿದರು. ಆ ಗುರುವಾರ ಚೆನ್ನಿಗರಾಯನ ಮುಂದೆ ಎಂಬತ್ತು ಸಾವಿರ ಕಿವಿ ಸೇರಿದವು. ಸಂಜೆ ಅವನೇ ಬಯಲಿಗೆ ಬಂದು, “ಆಚಾರ್ರೇ, ಮಾವನ ಮನೇಲಿ ಹಬ್ಬ. ಘಟ್ಟದ ಗಾಡಿ ಅಂದ್ರೆ ನಂಗೆ ಜೀವಭಯ. ರಥದಲ್ಲಿ ಒಂದು ಜಾಗ ಮಾಡ್ಕೊಡಿ,” ಎಂದ!

ಸೋಮವಾರ ಮೋನಪ್ಪಾಚಾರಿ ಮಗಳನ್ನು ಕರೆತರಲು ಹೊರಟಾಗ ಇಪ್ಪತ್ತು ಜನರ ರಥದಲ್ಲಿ ಅವರೊಬ್ಬರೇ. ಮಗಳ ಮನೆಯ ಬಾಗಿಲಲ್ಲಿ ಬೀಗಿತ್ತಿ ಕಾಳಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

“ಬೀಗ್ರೇ, ಊಟ ಮಾಡಿ, ಎಲೆ ಅಡಿಕೆ ಹಾಕ್ಕೊಳ್ಳಿ. ಸೊಸೇನ ಮಾತ್ರ ಕೇಳ್ಬೇಡಿ. ನಲವತ್ತಮೂರು ತಪ್ಪಂತೆ! ಎರಡು ಜೀವ ಇದಾವೆ ಅವಳ ಮೈಯಲ್ಲಿ. ಗಾಳಿಗೆ ಬಿಡಕ್ಕಾಗುತ್ತಾ?”

“ಕಾಳಮ್ನೋರೇ, ಅಷ್ಟನ್ನೂ ನಾನೇ ಸರಿಮಾಡಿ ಬರ್ದಿದೀನಿ. ಬರೆದಿದ್ದಕ್ಕೇ ರಥ ಗಟ್ಟಿಯಾಗಿರೋದು.”

“ಏನೋಪ್ಪ, ನಂಗೆ ಓದು ಬರಲ್ಲ. ತಪ್ಪಿದೆ ಅಂತ ನೀವೇ ಬರ್ಕೊಂಡಿದೀರಿ. ಘಟ್ಟದ ಗಾಡೀಲಿ ತಪ್ಪಿದೆ ಅಂತ ಯಾರಾದ್ರೂ ಬರ್ದಿದ್ದು ಕೇಳಿದೀರಾ? ಒಂದಾದ್ರೂ?”

ಘಟ್ಟದ ಗಾಡಿಗೆ ಪುಸ್ತಕವೇ ಇರಲಿಲ್ಲ.

“ಅಪ್ಪಾ, ಅತ್ತೆ ಹೇಳಿದಂಗೇ ಆಗ್ಲಿ ಬಿಡಿ,” ಎಂದಳು ಕಮಲಾಕ್ಷಿ, ತಂದೆಯ ಮುಖ ನೋಡಲಾರದೆ.

“ಮುಂದಿನ ವಾರದ ಬುಧವಾರ ದಿನ ಚೆನ್ನಾಗಿದೆ. ನಾನೇ ಜೊತೇಲಿ ಕೂತು, ಮಡಿಲಲ್ಲಿಟ್ಕೊಂಡು ಕರ್ಕೊಂಡ್ ಬರ್ತೀನಿ,” ಎಂದರು ಕಾಳಮ್ಮ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸೊಸೆಗೆ ಬೇಕೆಂದಾಗ ಸಿಗಲೆಂದು ಹುಣಸೆಹಣ್ಣನ್ನು ಸೆರಗಿನಲ್ಲೇ ಕಟ್ಟಿಕೊಂಡು ಓಡಾಡುತ್ತಿದ್ದ ಹೆಂಗಸು ಅದು.

ಮೋನಪ್ಪಾಚಾರಿ ಎರಡು ದಿನ ಅಲ್ಲೇ ಉಳಿದು ಬುಧವಾರ ರಾಜಧಾನಿಗೆ ಮರಳುವಷ್ಟರಲ್ಲಿ ಆಸ್ಥಾನ ಸೇರಿತ್ತು. “ಈ ನಲವತ್ತಮೂರು ದೋಷಗಳಿಂದ ನಮ್ಮ ಕರ್ಣಗಳಿಗೆ ಅತೀವ ನೋವಾಗಿದೆ,” ಎಂದರು ಮಹಾರಾಜರು.

“ಮಹಾಪ್ರಭುಗಳ ಕರ್ಣವೇ ರಾಜ್ಯದ ಗಡಿ,” ಎಂದು ಅಂತರಿಕ್ಷ ಮಂತ್ರಿ ಅನುಮೋದನರಾಯರು ಬಾಗಿದರು. “ಸಮಸ್ಯೆಯ ರೂಟ್ ಕಾಸ್ ಪತ್ತೆಯಾಗಿದೆ, ಪ್ರಭು. ಅದೊಂದು ಪುಸ್ತಕ. ಪುಸ್ತಕವಿಲ್ಲದ ಘಟ್ಟದ ಗಾಡಿಗಳಲ್ಲಿ ದೋಷಗಳ ಸಂಖ್ಯೆ ಸೊನ್ನೆ.”

“ಭಲೇ!” ಎಂದ ಮಹಾರಾಜರು ಅಲ್ಲಿಯೇ ಫರ್ಮಾನು ಹೊರಡಿಸಿದರು: ‘ಇಂದಿನಿಂದ ಗಗನರಥಗಳಲ್ಲಿ ದೋಷ ಸಂಭವಿಸತಕ್ಕದ್ದಲ್ಲ. ಸಂಭವಿಸಿದಲ್ಲಿ ಕಂಡುಹಿಡಿಯತಕ್ಕದ್ದಲ್ಲ. ಕಂಡುಹಿಡಿದಲ್ಲಿ ಬರೆಯತಕ್ಕದ್ದಲ್ಲ.’

ಮೋನಪ್ಪಾಚಾರಿ ಕೈಮುಗಿದು ಮುಂದೆ ಬಂದರು. “ಬುದ್ಧೀ, ಬರೀದೆ ನಾನು ರಥ ಮೇಲಕ್ಕೆ ಬಿಡಲ್ಲ. ಜನ ಕೂರ್ತಾರೆ ಅದ್ರಲ್ಲಿ.”

ಅನುಮೋದನರಾಯರು ಕಣ್ಣರಳಿಸಿದರು. “ಅದ್ಭುತ, ಪ್ರಭು! ರಥ ಹಾರದಿದ್ದರೆ ದೋಷವೇ ಹುಟ್ಟದು. ಈ ಮೇಸ್ತ್ರಿ ನಮಗೆ ಶೂನ್ಯದೋಷ ನೀತಿಯ ದಾರಿ ತೋರಿಸಿದ್ದಾನೆ!” ಅಂದೇ ಹನ್ನೆರಡು ರಥಗಳಿಗೂ ರೇಷ್ಮೆಯ ಹೊದಿಕೆ ಬಿತ್ತು. ತಪ್ಪಿನ ಪುಸ್ತಕ ಬೊಕ್ಕಸದ ಕೋಣೆ ಸೇರಿತು. ಅದರ ಜಾಗದಲ್ಲಿ ಚಿನ್ನದ ರಟ್ಟಿನ ಹೊಸ ಪುಸ್ತಕ ಬಂತು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಚೆನ್ನಿಗರಾಯ ದಿನಕ್ಕೆ ಮೂರು ಸಲ ಬಾರಿಸತೊಡಗಿದ: “ಇಂದೂ ದೋಷ ಸೊನ್ನೆ!” ಜನ ನಿಟ್ಟುಸಿರು ಬಿಟ್ಟು, ಗಂಟುಮೂಟೆ ಕಟ್ಟಿಕೊಂಡು, ಘಟ್ಟದ ಗಾಡಿ ಹತ್ತಿದರು. ಎತ್ತುಗಳಿಗೆ ಬಿಡುವಿಲ್ಲದಾಯಿತು.

ದೋಷವಿಲ್ಲದ ಒಂಬತ್ತನೇ ದಿನ ಮಹೋತ್ಸವವೆಂದು ನಿಗದಿಯಾಯಿತು. ಅದು ಗುರುವಾರ. ಕಮಲಾಕ್ಷಿಯ ಗಾಡಿ ಊರು ಮುಟ್ಟಬೇಕಾದ ದಿನವೂ ಅದೇ. ಸನ್ಮಾನ ಮೋನಪ್ಪಾಚಾರಿಗೇ. ಅವರಿಗೆ ಶಾಲು ಬೇಕಿರಲಿಲ್ಲ, ಮಗಳು ಬೇಕಿತ್ತು. ಬೆಳಗಿನಿಂದ ಘಟ್ಟದ ದಾರಿಯನ್ನೇ ನೋಡುತ್ತ ಚೌಕದ ಮೂಲೆಯಲ್ಲಿ ನಿಂತಿದ್ದರು.

ಬಂದದ್ದು ಗಾಡಿಯಲ್ಲ, ಮೈಯೆಲ್ಲ ಧೂಳಾದ ಒಬ್ಬ ಗಾಡಿಯವನು. “ಹತ್ತೊಂಬತ್ತನೇ ತಿರುವಲ್ಲಿ ಗಾಡಿ ಉರುಳ್ತು ಸ್ವಾಮಿ. ಕಡಾಣಿ ಕಿತ್ಕೊಂಡು ಹೋಯ್ತು. ಆರು ಜನ ಹೋದ್ರು. ನಿಮ್ಮ ಮಗಳಿಗೆ ಜೀವ ಇದೆ, ಕಾಲು ಮುರ್ದಿದೆ, ನೋವು ಶುರುವಾಗಿದೆ. ಆ ಅತ್ತೆಯಮ್ಮ... ಗಾಡಿ ವಾಲ್ದಾಗ ಸೊಸೆ ಹೊಟ್ಟೇನ ಎರಡು ಕೈಯಲ್ಲೂ ತಬ್ಬಿ ಕೆಳಗೆ ತಾವು ಬಿದ್ರು.”

ಕಡಾಣಿ! ಗಾಲಿ ಕಳಚದಂತೆ ಹಿಡಿಯುವ, ಎರಡು ಏಟಿಗೆ ಬಿಗಿಯಾಗುವ ಒಂದು ಕಬ್ಬಿಣದ ಚೂರು. ಮೋನಪ್ಪಾಚಾರಿ ಮಂತ್ರಿಗಳ ಬಳಿ ಓಡಿದರು. “ಸ್ವಾಮೀ, ಒಂದೇ ಒಂದು ರಥ ಬಿಡಿ. ವೈದ್ಯರನ್ನ ಕೂರಿಸ್ಕೊಂಡು ಹೋಗ್ತೀನಿ. ಈಗ ಹೊರಟ್ರೆ ಈಗ್ಲೇ ಮುಟ್ತೀವಿ.”

“ಇಂದು ಒಂಬತ್ತನೇ ದಿನ ಮಾರಾಯ! ಹಾರಿಸಿ ಏನಾದರೂ ಹೆಚ್ಚುಕಮ್ಮಿಯಾದರೆ ರೆಕಾರ್ಡ್ ಹೋಗುತ್ತೆ,” ಎಂದರು ಅನುಮೋದನರಾಯರು ಪೇಟ ಸರಿಮಾಡಿಕೊಳ್ಳುತ್ತ.

ಮೋನಪ್ಪಾಚಾರಿ ಚೆನ್ನಿಗರಾಯನ ಕೈಹಿಡಿದರು. “ನೀನಾದ್ರೂ ಡಂಗುರ ಹೊಡೀಪ್ಪ. ದೊರೆ ಕಿವಿಗೆ ಬೀಳ್ಲಿ. ಆರು ಜನ ಸತ್ತಿದಾರೆ.”

“ಗಾಡಿ ಉರುಳೋದು ಸುದ್ದಿಯೇನ್ ಆಚಾರ್ರೇ? ದಿನಾ ಉರುಳ್ತವೆ,” ಎಂದ ಚೆನ್ನಿಗರಾಯ. ಅವನ ದನಿಯಲ್ಲಿ ಕನಿಕರವೂ ಇತ್ತು. “ಇವತ್ತು ಬೇರೆ ಗುರುವಾರ.”

ಅಷ್ಟರಲ್ಲಿ ಇಬ್ಬರು ಭಟರು ಅವರನ್ನು ವೇದಿಕೆಗೆ ಹತ್ತಿಸಿಯೇಬಿಟ್ಟರು. ಶಾಲು ಬಿತ್ತು, ಹಾರ ಬಿತ್ತು, ಎಂಬತ್ತು ಸಾವಿರ ಕಿವಿಗಳ ಮುಂದೆ ಚಿನ್ನದ ಪುಸ್ತಕವನ್ನು ಅವರ ಕೈಗಿಟ್ಟರು. ಮೋನಪ್ಪಾಚಾರಿಯ ಕೈ ಕಿವಿಯ ಸಂದಿಗೆ ಹೋಯಿತು. ಸೀಸದಕಡ್ಡಿ ತೆಗೆದು, ಮೊದಲ ಪುಟ ತೆರೆದು, ಮೂವತ್ತೊಂದು ವರ್ಷ ಬರೆದ ಅದೇ ಗುಂಡು ಅಕ್ಷರದಲ್ಲಿ ಬರೆದರು: ‘ಇಂದು ಹತ್ತೊಂಬತ್ತನೇ ತಿರುವಿನಲ್ಲಿ ಆರು ಜನ ಸತ್ತರು. ಅವರಲ್ಲಿ ನಮ್ಮ ಬೀಗಿತ್ತಿ ಕಾಳಮ್ಮನವರೂ ಒಬ್ಬರು. ದೋಷ: ರಥ ಹಾರಲಿಲ್ಲ. ಇನ್ನೂ ಸರಿಮಾಡಿಲ್ಲ.’

ಬರೆದು, ಶಾಲನ್ನು ಅಲ್ಲೇ ಬಿಟ್ಟು, ವೇದಿಕೆಯಿಂದ ಇಳಿದು, ಮುದಿ ವೈದ್ಯರೊಬ್ಬರ ಕೈಹಿಡಿದುಕೊಂಡು ಘಟ್ಟದ ದಾರಿ ಹಿಡಿದರು. ನಡೆದು ಮುಟ್ಟಲು ಮರುದಿನವಾಯಿತು. ಅಷ್ಟರಲ್ಲಿ ರಸ್ತೆ ಬದಿಯಲ್ಲೇ ಹೆರಿಗೆಯಾಗಿ, ತಾಯಿಯೂ ಮಗುವೂ ಬದುಕಿದ್ದರು. ಹೆಣ್ಣು ಮಗು. ಹೆಸರೇನಿಡಬೇಕೆಂದು ಯಾರೂ ಯೋಚಿಸಬೇಕಾಗಲಿಲ್ಲ. ಕಮಲಾಕ್ಷಿಯ ಕಾಲು ಮಾತ್ರ ಕೊನೆಯವರೆಗೂ ನೆಟ್ಟಗಾಗಲಿಲ್ಲ.

ಇತ್ತ ಚೌಕದಲ್ಲಿ ಪುಸ್ತಕವನ್ನು ಇಣುಕಿದ ಚೆನ್ನಿಗರಾಯನಿಗೆ ಮೈ ಜುಮ್ಮೆಂದಿತು. ಅವನಿಗೆ ಕಂಡದ್ದು ಎರಡೇ ಪದ: ದೋಷ, ರಥ. “ಬ್ರೇಕಿಂಗ್! ನಿಂತ ರಥದಲ್ಲೂ ದೋಷ! ಮೇಸ್ತ್ರಿಯೇ ಬರೆದು ಪರಾರಿ!” ಆ ದಿನದ ಕಿವಿಗಣತಿ ಲಕ್ಷ ದಾಟಿತು.

ಮಹಾರಾಜರು ಕರ್ಣಗಳನ್ನು ಮುಚ್ಚಿಕೊಂಡು ಅಂತಿಮ ಫರ್ಮಾನು ಹೊರಡಿಸಿದರು. ನಿಂತಲ್ಲೇ ಕೆಡುವ ರಥಗಳನ್ನು ನಂಬುವುದು ಹೇಗೆ? ಹನ್ನೆರಡನ್ನೂ ಒಡೆಸಿ, ಆ ಮರದಿಂದ ಎಪ್ಪತ್ತು ಹೊಸ ಘಟ್ಟದ ಗಾಡಿಗಳನ್ನು ಮಾಡಿಸಿ, ಪ್ರತಿಯೊಂದಕ್ಕೂ ‘ಸುರಕ್ಷಾ’ ಎಂದು ಹೆಸರು ಬರೆಸಿದರು. ಮಹಾರಾಜರಿಗೆ ‘ಪ್ರಜಾಪ್ರಾಣರಕ್ಷಕ’ ಎಂಬ ಬಿರುದು ಸಂದಿತು. ಅನುಮೋದನರಾಯರು ಮಹಾಮಂತ್ರಿಗಳಾದರು.

ದಿನಕ್ಕೆ ಇಪ್ಪತ್ತು ಸುರಕ್ಷಾ ಗಾಡಿಗಳು ಘಟ್ಟ ಇಳಿಯುತ್ತವೆ. ಹದಿನೆಂಟೋ ಹತ್ತೊಂಬತ್ತೋ ಕೆಳಗೆ ಮುಟ್ಟುತ್ತವೆ. ಅವುಗಳಲ್ಲಿ ಇದುವರೆಗೆ ಒಂದೇ ಒಂದು ದೋಷವೂ ವರದಿಯಾಗಿಲ್ಲ.