ಮೈಕು ಸುಳ್ಳು ಹೇಳಬಾರದು

ನನ್ನ ಸೋದರಮಾವ ಪರಮ ಧರ್ಮಿಷ್ಠರು ಎಂದು ನಾನು ಹೇಳಿದರೆ ಮಸ್ಕಿಯ ಜನ ನಗುತ್ತಾರೆ. ಆದರೂ ಹೇಳುತ್ತೇನೆ. ಅವರ ಧರ್ಮದಲ್ಲಿರುವುದು ಒಂದೇ ಸೂತ್ರ: ಮೈಕು ಸುಳ್ಳು ಹೇಳಬಾರದು. ಮೈಕಿಲ್ಲದೆ ಹೇಳುವ ಸುಳ್ಳುಗಳ ವಿಷಯದಲ್ಲಿ ಅವರದು ಬಹು ಉದಾರ ನಿಲುವು. ಸಕ್ಕರೆ ಕಾಯಿಲೆಯ ಈ ಮನುಷ್ಯ ಸಂಜೆ ಎರಡು ಪ್ಲೇಟು ಮಿರ್ಚಿ, ಮೇಲೊಂದು ಜಿಲೇಬಿ ಮುಗಿಸಿ ಬಂದು, ಅತ್ತೆಯ ಎದುರು "ಬರೇ ಚಾ ಕುಡದೀನಿ, ಅದೂ ಸಪ್ಪಂದು" ಎನ್ನುವಾಗ ಅವರ ನಾಲಿಗೆ ತೊದಲಿದ್ದನ್ನು ನಾನು ಈವರೆಗೆ ಕಂಡಿಲ್ಲ!

ಈ ಸೂತ್ರ ಹುಟ್ಟಿದ್ದು ಸಿಂಧನೂರಿನ ಬಸ್ ನಿಲ್ದಾಣದಲ್ಲಿ. ಅಲ್ಲಿ ಕಂಟ್ರೋಲರ್ ಆಗಿ, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಮೈಕಿನಲ್ಲಿ ಸಾರುತ್ತ ಅವರು ಅರ್ಧ ಆಯುಷ್ಯ ಕಳೆದರು.

"ಲಿಂಗಸುಗೂರು ಗಾಡಿ ನಾಕನೇ ಅಂಕಣದಾಗ ಐತಿ ಅಂತ ನಾ ಅಂದ್ರ, ನಾಕನೇ ಅಂಕಣದಾಗ ಇರತಿತ್ತು. ಕಂಕುಳಾಗ ಕೂಸು ಇಟಗೊಂಡ ಹೆಣಮಗಳು ನನ್ನ ದನಿ ನಂಬಿ ಓಡಿ ಬರತಾಳಲೇ ಅಳಿಯಾ. ಆಕಿಗೆ ಮೋಸ ಮಾಡಾಕ ಆಗತೈತೇನು?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ವಾದಿಸಿ ಬಹುಮಾನ ತಂದವನು ನಾನು. ಈ ಸೂತ್ರದ ವಿಷಯದಲ್ಲಿ ಮಾತ್ರ ಅಂದೇ ಪರವಾದಿಗಳ ಸಾಲಿಗೆ ಸೇರಿಕೊಂಡೆ.

ನಿವೃತ್ತರಾದ ಮೇಲೆ ಅವರ ತಪಾಸಣೆಗೆ ಸಿಕ್ಕಿದ್ದು ಮನೆಯ ಟಿವಿ. ಒಂದು ದಿನ ಪಾಪ್ ಗಾಯಕನೊಬ್ಬ ತನ್ನ ಪ್ರಿಯತಮೆಯನ್ನು 'ಬೇಬಿ, ಬೇಬಿ' ಎಂದು ಕೂಗುತ್ತಿದ್ದ. ಮಾವ ಬೆರಳು ಮಡಚಿ ಎಣಿಸುತ್ತ ಕೂತಿದ್ದರು.

"ಇಪ್ಪತ್ತು ಸಲ ಕರದಾನ. ನಾ ಒಂದ್ ಗಾಡಿಗೆ ಮೂರು ಸಲ ಕರೀತಿದ್ದೆ. ಮೂರಕ್ಕ ಬರಲಿಲ್ಲಂದ್ರ ಆಕಿ ಬ್ಯಾರೆ ಗಾಡಿ ಹತ್ಯಾಳಂತ ತಿಳಕೋಬೇಕು."

ಧಾರಾವಾಹಿಯ ನಟನಟಿಯರ ಮೇಲೂ ಅವರಿಗೆ ಕರುಣೆಯಿಲ್ಲ. ಬಾಗಿಲು ಬಡಿದ ಸದ್ದಿಗೆ ನಾಯಕಿ ತಿರುಗಿ ನೋಡುವ ದೃಶ್ಯವೊಂದಿತ್ತು. "ಸೋಮವಾರ ಹೊಳ್ಳಾಕ ಸುರು ಮಾಡ್ಯಾಳ. ಇವತ್ತು ಗುರುವಾರ. ಅಷ್ಟರಾಗ ಗೊರೇಬಾಳದಾಗ ಭತ್ತದ ನಾಟಿ ಮುಗದಿರತೈತಿ" ಎಂದರು ಮಾವ.

"ಬ್ಯಾಡಾದ್ರ ಎದ್ದು ಹೋಗ್ರಿ" ಎಂದರು ಅತ್ತೆ.

"ಹೆಂಗ ಹೋಗ್ಲಿ? ಹೊಳ್ಳಿದ ಮ್ಯಾಲ ಏನ್ ನೋಡತಾಳೋ ನೋಡಬೇಕಲ್ಲ."

ಹೀಗೆ ಎಲ್ಲರನ್ನೂ ಅನರ್ಹಗೊಳಿಸಿದ ಮೇಲೆ ಅವರ ಲೆಕ್ಕದಲ್ಲಿ ಉಳಿಯುತ್ತಿದ್ದ ಕಲಾವಿದೆ ಒಬ್ಬಳೇ, ಅವರ ಮಗಳು. ಪಾಮನಕಲ್ಲೂರಿನಲ್ಲಿ ಶಾಲಾ ಶಿಕ್ಷಕಿ. ಮಸ್ಕಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಶಿಕ್ಷಕರ ಸಾಂಸ್ಕೃತಿಕ ಸಂಜೆಯಲ್ಲಿ ಅವಳು ತತ್ವಪದ ಹಾಡಿದರೆ, ಹೊರಗೆ ಗಿರಮಿಟ್ ಮಾರುವವನೂ ಸೌಟು ಕೆಳಗಿಡುತ್ತಿದ್ದ. ಹೋದ ವರ್ಷ ಅವಳ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆ ಹೋಯಿತು, ದನಿ ಹಿಂದಿರುಗಲಿಲ್ಲ. ಪಿಸುಮಾತಿಗಿಂತ ಮೇಲೆ ಏನೂ ಏಳುತ್ತಿರಲಿಲ್ಲ. ಅವಳು ಮತ್ತೆ ವೇದಿಕೆ ಹತ್ತುತ್ತಾಳೆಯೇ? ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಅದು. ಮಾವ ಟಿವಿಯನ್ನು ಬೈಯುವುದು ಮಾತ್ರ ಇಮ್ಮಡಿಯಾಯಿತು.

ಟಿವಿ ಸಾಲದೆ ಅವರು ಊರೂರಿಗೆ ಹೊರಟರು. ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿಯೊಂದರ ಉದ್ಘಾಟನೆಗೆ ಧಾರಾವಾಹಿಯ ನಾಯಕ ಕ್ರೇನಿನಿಂದ ಹಗ್ಗದಲ್ಲಿ ಇಳಿದು ಬಂದ. ಅರ್ಧ ದಾರಿಯಲ್ಲಿ ಹಗ್ಗ ನುಲಿದು, ಜನರಿಗೆ ಒಮ್ಮೆ ಮುಖ, ಒಮ್ಮೆ ಬೆನ್ನು ತೋರಿಸುತ್ತ ಗಿರಗಿರನೆ ತಿರುಗತೊಡಗಿದ. ಪಾಪ, ಆ ಸ್ಥಿತಿಯಲ್ಲೂ ಕೈ ಬೀಸುತ್ತಿದ್ದ! ಆಗ ಗುಂಪಿನ ನಡುವಿನಿಂದ ನಿಲ್ದಾಣದ ಆ ಹಳೆಯ ದನಿ ಮೊಳಗಿತು:

"ಕೈ ಹೊರಗ ಹಾಕಬ್ಯಾಡ್ರಿ. ಗಾಡಿ ನಿಂತ ಮ್ಯಾಲ ಇಳೀರಿ."

ನಾಯಕ ಥಟ್ಟನೆ ಎರಡೂ ಕೈ ಎದೆಗೆ ಕಟ್ಟಿಕೊಂಡ.

ಆದರೆ ಮಾವನ ಕೀರ್ತಿ ಪೂರ್ಣಗೊಂಡದ್ದು ಸಿಂಧನೂರಿನಲ್ಲಿ. ನಮ್ಮ ಕಡೆ ಒಂದು ಪದ್ಧತಿಯಿದೆ. ಹಾಡು ನಡೆಯುತ್ತಿರುವಾಗಲೇ ಯಾರು ಬೇಕಾದರೂ ಶಾಲು, ಹಾರ ಹಿಡಿದು ವೇದಿಕೆ ಹತ್ತಿ ಸನ್ಮಾನ ಮಾಡಬಹುದು. ಅವರನ್ನು ತಡೆಯುವುದು ಅವಮರ್ಯಾದೆ. ಟಿವಿ ಸ್ಪರ್ಧೆಯಲ್ಲಿ ಗೆದ್ದ ಗಾಯಕನೊಬ್ಬ ಅಂದು ಪಲ್ಟಿ ಹೊಡೆಯುತ್ತ ಹಾಡುತ್ತಿದ್ದ. ಪಲ್ಟಿ ಹೊಡೆದರೂ ಉಸಿರು ಕೆಡದ ಆ ಗಂಟಲನ್ನು ಮಾವ ಎರಡು ಹಾಡು ಗಮನಿಸಿದರು. ಮೂರನೆಯದಕ್ಕೆ ಶಾಲು ಹಿಡಿದು ಹತ್ತಿದರು. ಹೊದಿಸಿದರು. ಹಾರ ಹಾಕಿದರು. "ಎರಡು ಮಾತು" ಎನ್ನುತ್ತ ಬಲು ವಿನಯದಿಂದ ಅವನ ಕೈಯಿಂದ ಮೈಕು ತೆಗೆದುಕೊಂಡರು.

ಹಾಡು ಮುಂದುವರಿಯಿತು!

ಸಂಘಟಕ ಓಡಿ ಬಂದು, "ಅದು ಎಕೋ ರೀ, ಎಕೋ" ಎಂದ.

"ಎಕೋ ಎರಡನೇ ಚರಣಕ್ಕ ಹೋತಲ್ಲೋ ತಮ್ಮಾ" ಎಂದರು ಮಾವ, ಮೈಕಿನಲ್ಲೇ.

ಆ ವಿಡಿಯೊ ಮೂರು ತಾಲ್ಲೂಕುಗಳ ಮೊಬೈಲುಗಳಲ್ಲಿ ಹರಿದಾಡಿತು. ನನಗಂತೂ ಸಮಾಜ ಸುಧಾರಣೆಗೆ ಸೇನಾಪತಿಯೇ ದೊರೆತಂತಾಯಿತು. ನಮ್ಮ ಯುವ ವೇದಿಕೆಯಿಂದ 'ಕಲೆ ಮತ್ತು ಸತ್ಯ' ಎಂಬ ಸಭೆ ಏರ್ಪಡಿಸಿ, ಮುದ್ರಿತ ದನಿಗೆ ಬಾಯಿ ಆಡಿಸುವವರನ್ನು ಎಲ್ಲಿದ್ದರೂ ಬಹಿರಂಗಪಡಿಸಬೇಕೆಂಬ ಠರಾವು ಮಂಡಿಸಿದೆ. ಮೊದಲ ಸಹಿ ಮಾವನದು.

ಮರುವಾರವೇ ಮಸ್ಕಿಯಲ್ಲಿ ಶಿಕ್ಷಕರ ಸಂಜೆ. ಮಾವನ ಮಗಳು ತಂದೆಯ ಮುಂದೆ ಬಂದು ನಿಂತಳು. ನಾನೂ ಅಲ್ಲೇ ಇದ್ದೆ.

"ಅಪ್ಪಾ, ಟೀಚರ್ ಯಾವಾಗ ಹಾಡತೀರಿ ಅಂತ ಸಾಲಿ ಹುಡುಗ್ರು ದಿನಾ ಕೇಳತಾವ" ಎಂದಳು, ಆ ಪಿಸುದನಿಯಲ್ಲಿ. "ಆಪರೇಷನ್ ಮುಂಚೆ ಹಾಡಿದ್ದು ರೆಕಾರ್ಡ್ ಐತಿ. ಅದನ್ನ ಹಚ್ಚತಾರ. ಒಂದ್ ಸಲ ನಿಂತು ಬರತೀನಿ. ನೀವು ಬರಬ್ಯಾಡ್ರಿ."

ಮಾವ ಎದ್ದು ಅಂಗಿಗೆ ಇಸ್ತ್ರಿ ಹಾಕತೊಡಗಿದರು.

ಅವರು ಹೋದರು. ನಾನು ಹೆದರಿ ಬೆನ್ನು ಹತ್ತಿದೆ. ದಾರಿಯುದ್ದಕ್ಕೂ, ಸತ್ಯಕ್ಕೂ ಸಂದರ್ಭವೆಂಬುದು ಇರುತ್ತದೆ, ನಿಯಮಕ್ಕೂ ಅಪವಾದವಿರುತ್ತದೆ ಎಂದು ನನ್ನದೇ ಠರಾವಿನ ವಿರುದ್ಧ ವಾದಿಸಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೆಟ್ಟಗೆ ನಡೆದು ವೇದಿಕೆಯ ಮೆಟ್ಟಿಲ ಬುಡದಲ್ಲಿ ನಿಂತರು. ಟ್ರ್ಯಾಕ್ಟರಿನಲ್ಲಿ ಬಂದ ಪಾಮನಕಲ್ಲೂರಿನ ಮಕ್ಕಳು ಮುಂದಿನ ಸಾಲಿನಲ್ಲಿ ಕಿಕ್ಕಿರಿದಿದ್ದರು. ಅವಳು ಮೈಕು ಹಿಡಿದಳು. ಹಾಡು ತೆರೆದುಕೊಂಡಿತು. ಒಂದು ವರ್ಷದಿಂದ ಯಾರೂ ಕೇಳದ ದನಿ! ಮಕ್ಕಳು ಎದ್ದು ನಿಂತರು.

ಆಗಲೇ ಊರಿನ ಹಿರಿಯರೊಬ್ಬರು ಶಾಲು, ಹಾರ, ನಾಲ್ವರು ಹಿಂಬಾಲಕರೊಡನೆ ಮೆಟ್ಟಿಲ ಬಳಿ ಬಂದರು. ಮಾವ ಕೈ ಅಡ್ಡ ಹಿಡಿದರು.

"ತಡ್ರೀ. ಹಾಡು ಮುಗೀಲಿ."

"ಒಂದ್ ನಿಮಿಷದ ಕೆಲಸ ರೀ. ಶಾಲು ಹಾಕಿ ಎರಡು ಮಾತಾಡಿ ಇಳೀತೀವಿ."

"ಆಕಿ ಖುದ್ದ ಹಾಡಾಕತ್ತಾಳ. ಈಗ ಹೋದ್ರ ಉಸಿರು ತಪ್ಪತೈತಿ."

"ಇದೇನ್ರೀ, ಸನ್ಮಾನಕ್ಕ ಬ್ಯಾಡ ಅಂತೀರಿ?"

"ಬ್ಯಾಡ ಅನ್ನಾಕತ್ತಿಲ್ರೀ. ಬೇಕಾದ್ರ ಆ ಶಾಲು ನನಗ ಹಾಕ್ರಿ, ನಾ ಹೆತ್ತಪ್ಪ."

ಹಿರಿಯರು ಗೊಂದಲದಲ್ಲಿ ಅವರಿಗೇ ಹೊದಿಸಿ ಹಿಂದಿರುಗಿದರು. ನಾನು ಮಾವನ ಮುಖವನ್ನೇ ನೋಡುತ್ತಿದ್ದೆ. ಅವರು ನನ್ನತ್ತ ತಿರುಗಲಿಲ್ಲ. ಕಣ್ಣು ಮಗಳ ಮೇಲಿತ್ತು.

"ಏನ್ ನೋಡತೀಲೇ ಅಳಿಯಾ?" ಎಂದರು. "ಆಕೀದ ದನಿ ಅಲ್ಲೇನು ಅದು?"

ವೇದಿಕೆಯ ಆಚೆ ಬದಿಗೂ ಒಂದು ಮೆಟ್ಟಿಲಿತ್ತು. ಅಲ್ಲಿಗೆ ಇನ್ನೊಂದು ಹಾರ ಹೊರಟಿದ್ದು ಕಂಡಿತು. ನಾನು ಓಡಿಹೋಗಿ ಅಲ್ಲಿ ಕೈ ಅಡ್ಡ ಹಿಡಿದು ನಿಂತೆ.